ಭಾನುವಾರದ ಉಪವಾಸ, ಸಂಜೆಯ ಥಿನ್ನರ್: ತುಮಕೂರಿನ ಒಂದು ಬಯೋಫಿಲ್ಟರ್ ಪ್ರಕರಣ

ಯುಗಾದಿ ಕಳೆದು ಎರಡನೇ ವಾರ. ಅಂತರಸನಹಳ್ಳಿ ಕೈಗಾರಿಕಾ ಪ್ರದೇಶದ ಕಡೆಯ ಒಂದು ಸಣ್ಣ ಪ್ರಿಂಟಿಂಗ್ ಕಾರ್ಖಾನೆಯಿಂದ ಫೋನ್ ಬಂತು. ಮಸಾಲೆ ಪುಡಿ, ಬಿಸ್ಕತ್ತು, ಊದುಬತ್ತಿ ತುಂಬುವ ಪ್ಲಾಸ್ಟಿಕ್ ಕವರ್‌ಗಳ ಮೇಲೆ ಬಣ್ಣ ಹಾಕುವ ಘಟಕ ಅದು. "ಸಾರ್, ನಿಮ್ಮ ಫಿಲ್ಟರ್ ಸತ್ತೋಗಿದೆ ಅನ್ಸುತ್ತೆ. ಪಕ್ಕದ ತೋಟದವರು ಬಂದು ಗಲಾಟೆ ಮಾಡ್ತಿದ್ದಾರೆ," ಅಂದರು ಮಾಲೀಕರು.

ಹಿಂದಿನ ಮಳೆಗಾಲದ ಶುರುವಿನಲ್ಲಿ ಆ ಬಯೋಫಿಲ್ಟರ್, ಅಂದರೆ ಗಾಳಿಯಲ್ಲಿನ ಥಿನ್ನರ್ ಆವಿಯನ್ನು ಸೂಕ್ಷ್ಮಜೀವಿಗಳಿಗೆ ತಿನ್ನಿಸಿ ತೆಗೆಯುವ ಬೆಡ್, ಹಾಕಿಸಿದ್ದು ನಾನೇ. ಒಂಬತ್ತು ತಿಂಗಳು ಚೆನ್ನಾಗಿ ನಡೆದಿತ್ತು. ಅದು ಯಾಕೆ ಕೆಟ್ಟಿತು, ಹೇಗೆ ಸರಿಯಾಯಿತು ಅಂತ ಪೂರ್ತಿ ಬರೆದಿಡುತ್ತಿದ್ದೇನೆ. ನಮ್ಮ ಜಿಲ್ಲೆಯಲ್ಲಿ ಇಂಥ ಸಣ್ಣ ಘಟಕಗಳು ತುಂಬಾ ಇವೆ. ನಾನು ಮಾಡಿದ ತಪ್ಪನ್ನು ಇನ್ನೊಬ್ಬರು ಮಾಡುವುದು ಬೇಡ.

ಮೊದಲು ಅಲ್ಲಿನ ವ್ಯವಸ್ಥೆ ಹೇಳಿಬಿಡುತ್ತೇನೆ. ಇಂಕ್ ತೆಳುವಾಗಲು ಅದಕ್ಕೆ ಥಿನ್ನರ್ ಬೆರೆಸುತ್ತಾರೆ. ಇಲ್ಲಿನ ಥಿನ್ನರ್‌ನಲ್ಲಿ ಮುಖ್ಯವಾಗಿ ಇರುವುದು ಎರಡು ದ್ರಾವಕ (ಬಣ್ಣ ಕರಗಿಸುವ ದ್ರವ): ಟೊಲುವಿನ್ ಮತ್ತು ಈಥೈಲ್ ಅಸಿಟೇಟ್. ಬಣ್ಣ ಒಣಗುವಾಗ ಎರಡೂ ಆವಿಯಾಗಿ ಗಾಳಿಗೆ ಸೇರುತ್ತವೆ. ಆ ಗಾಳಿಯನ್ನು ಫ್ಯಾನ್ ಎಳೆದು, ಹನಿ ನೀರಿನ ತೊಟ್ಟಿಯಲ್ಲಿ ತೇವ ಮಾಡಿ, ಹಿತ್ತಲಿನ ಬೆಡ್‌ಗೆ ತಳ್ಳುತ್ತದೆ. ಬೆಡ್ 6 ಮೀಟರ್ ಉದ್ದ, 5 ಮೀಟರ್ ಅಗಲ, 1 ಮೀಟರ್ ಎತ್ತರ. ಒಳಗಿರುವುದು ತಿಪಟೂರು ಕಡೆಯಿಂದ ತಂದ ತೆಂಗಿನ ನಾರಿನ ಪುಡಿ, ಮಟ್ಟೆ ಚೂರು, ಚೆನ್ನಾಗಿ ಕಳಿತ ಕಾಂಪೋಸ್ಟ್. ನಾರಿನ ಪುಡಿಯಲ್ಲಿ ಉಪ್ಪಿನಂಶ ಜಾಸ್ತಿ ಇರುತ್ತೆ. ಅದನ್ನು ಮೂರು ಸಲ ತೊಳೆದೇ ತುಂಬಿದ್ದೆವು. ಫ್ಯಾನ್ ಗಂಟೆಗೆ 1800 ಘನ ಮೀಟರ್ ಗಾಳಿ ತಳ್ಳುತ್ತದೆ. ಬೆಡ್ 30 ಘನ ಮೀಟರ್. ಖಾಲಿ ಬೆಡ್‌ನ ಲೆಕ್ಕದಲ್ಲಿ ಗಾಳಿ ಒಳಗಿರುವುದು 60 ಸೆಕೆಂಡ್.

ಆ ಒಂದು ನಿಮಿಷದಲ್ಲಿ ಕೆಲಸ ಮಾಡುವುದು ಸೂಕ್ಷ್ಮಜೀವಿಗಳು. ನಾರಿನ ಮೇಲೆ ತೆಳ್ಳಗೆ ನೀರಿನ ಪದರ ಇರುತ್ತದೆ. ಆವಿ ಅದರಲ್ಲಿ ಕರಗುತ್ತದೆ. ಅಲ್ಲಿರುವ ಬ್ಯಾಕ್ಟೀರಿಯಾ, ಶಿಲೀಂಧ್ರಗಳು ಅದನ್ನು ತಿಂದು ಇಂಗಾಲದ ಡೈಆಕ್ಸೈಡ್ ಮತ್ತು ನೀರು ಮಾಡುತ್ತವೆ. ಇದೇನೂ ಹೊಸ ವಿದ್ಯೆ ಅಲ್ಲ. ಅಮೆರಿಕದ ಪೊಮೆರಾಯ್ ಎಂಬವರಿಗೆ ಮಣ್ಣಿನ ಬೆಡ್‌ನಲ್ಲಿ ದುರ್ವಾಸನೆ ತೆಗೆಯುವ ವಿಧಾನಕ್ಕೆ 1957ರಲ್ಲೇ ಪೇಟೆಂಟ್ ಸಿಕ್ಕಿತ್ತು. ದ್ರಾವಕದ ಆವಿಗೆ ಬೆಡ್ ಎಷ್ಟು ದೊಡ್ಡದಿರಬೇಕು ಅನ್ನುವ ಲೆಕ್ಕಾಚಾರವನ್ನು 1980ರ ದಶಕದಲ್ಲಿ ನೆದರ್ಲೆಂಡ್ಸ್‌ನ ಒಟ್ಟೆನ್‌ಗ್ರಾಫ್ ಬೆಳೆಸಿದರು. ನಮ್ಮ ಘಟಕಕ್ಕೆ ಇದನ್ನೇ ಆರಿಸಿಕೊಳ್ಳಲು ಕಾರಣ ಸರಳ. ಆವಿಯನ್ನು ಸುಡುವ ಯಂತ್ರ ಇಷ್ಟು ಸಣ್ಣ ಘಟಕಕ್ಕೆ ತಲೆಗೆ ಮೀರಿದ ಖರ್ಚು. ಬರೀ ನೀರಿನಲ್ಲಿ ತೊಳೆದರೆ ಟೊಲುವಿನ್ ಹೋಗುವುದಿಲ್ಲ. ಒಂದು ಲೀಟರ್ ನೀರಿನಲ್ಲಿ ಈಥೈಲ್ ಅಸಿಟೇಟ್ 80 ಗ್ರಾಂನಷ್ಟು ಕರಗಿದರೆ, ಟೊಲುವಿನ್ ಅರ್ಧ ಗ್ರಾಂ ಮಾತ್ರ.

ಅವತ್ತು ಹೋದವನು ಮೊದಲು ಮೀಟರ್ ಹಿಡಿದೆ. ಪಿಐಡಿ ಅಂತ ಒಂದು ಕೈ ಮೀಟರ್ ಬರುತ್ತದೆ, ಗಾಳಿಯಲ್ಲಿನ ದ್ರಾವಕದ ಆವಿಯನ್ನು ತಕ್ಷಣ ತೋರಿಸುತ್ತದೆ. ಬೆಳಿಗ್ಗೆ 11 ಗಂಟೆ. ಒಳಗೆ ಹೋಗುವ ಗಾಳಿಯಲ್ಲಿ ಅಂಕಿ ದೊಡ್ಡದು, ಹೊರಗೆ ಬರುವ ಗಾಳಿಯಲ್ಲಿ ಸಣ್ಣದು. "ಫಿಲ್ಟರ್ ಕೆಲಸ ಮಾಡ್ತಿದೆಯಲ್ಲ," ಅಂದೆ. ಮಾಲೀಕರಿಗೂ ಸಮಾಧಾನ ಆಯಿತು. ಆದರೂ ತೋಟದವರನ್ನು ಮಾತಾಡಿಸದೆ ಹೋಗುವುದು ಸರಿಯಲ್ಲ ಅನ್ನಿಸಿ ಬೇಲಿ ದಾಟಿದೆ.

ಅಲ್ಲಿ ಒಬ್ಬರು ಅಜ್ಜಿ ಕಾಯಿ ಸುಲಿಯುತ್ತಾ ಕೂತಿದ್ದರು. "ಅಜ್ಜಿ, ವಾಸನೆ ಯಾವಾಗ ಬರುತ್ತೆ?" ಅಂತ ಕೇಳಿದೆ.

"ದಿನವೆಲ್ಲ ಬರಲ್ಲ ಕಣಪ್ಪ. ಸಂಜೆ ದೀಪ ಹಚ್ಚೋ ಹೊತ್ತಿಗೆ ಗಮ್ ಅಂತ ಬರುತ್ತೆ. ಒಂದರ್ಧ ಗಂಟೆ, ಮುಕ್ಕಾಲು ಗಂಟೆ. ಆಮೇಲೆ ಇರಲ್ಲ. ಸೋಮವಾರ ಮಾತ್ರ ಬೆಳಿಗ್ಗೆನೂ ಬರುತ್ತೆ, ಅವತ್ತು ಜಾಸ್ತಿ. ತಲೆ ಹಿಡ್ಕಂಬಿಡುತ್ತೆ."

ಇಡೀ ಪ್ರಕರಣದ ಕೀಲಿ ಈ ಮಾತಿನಲ್ಲೇ ಇತ್ತು. ನನ್ನ ಮೀಟರ್ ಬೆಳಿಗ್ಗೆ 11ಕ್ಕೆ ನೋಡಿತ್ತು. ಅಜ್ಜಿಯ ಮೂಗು ವಾರವಿಡೀ ನೋಡಿತ್ತು.

ಮುಂದಿನ ಸೋಮವಾರ ಬೆಳಿಗ್ಗೆ 7ಕ್ಕೆ ಬೆಡ್ ಪಕ್ಕ ಕುರ್ಚಿ ಹಾಕಿಕೊಂಡು ಕೂತೆ. ಹತ್ತು ನಿಮಿಷಕ್ಕೊಮ್ಮೆ ಒಳಗಿನ, ಹೊರಗಿನ ಅಂಕಿ ಬರೆದುಕೊಂಡೆ. ಜೊತೆಗೆ ಇದ್ದಿಲಿನ ಸಣ್ಣ ಟ್ಯೂಬ್‌ಗಳಲ್ಲಿ ಗಾಳಿ ಹಿಡಿದು ಬೆಂಗಳೂರಿನ ಲ್ಯಾಬ್‌ಗೆ ಕಳಿಸಿದೆ. ಟ್ಯೂಬ್ ಯಾಕೆ ಬೇಕು ಅಂದರೆ, ಪಿಐಡಿ ಎಲ್ಲ ಆವಿಯನ್ನೂ ಒಂದೇ ಕಣ್ಣಿನಲ್ಲಿ ನೋಡುವುದಿಲ್ಲ. ಟೊಲುವಿನ್ ಅನ್ನು ಇರುವುದಕ್ಕಿಂತ ಜಾಸ್ತಿ ತೋರಿಸುತ್ತದೆ, ಈಥೈಲ್ ಅಸಿಟೇಟ್ ಅನ್ನು ತುಂಬಾ ಕಡಿಮೆ ತೋರಿಸುತ್ತದೆ. ಇನ್ನೊಂದು ತೊಂದರೆ: ಗಾಳಿಯಲ್ಲಿ ತೇವ ಜಾಸ್ತಿ ಇದ್ದರೆ ಮೀಟರ್‌ನ ಅಂಕಿ ಕುಗ್ಗುತ್ತದೆ. ಬೆಡ್‌ನಿಂದ ಹೊರಬರುವ ಗಾಳಿ ಯಾವಾಗಲೂ ತೇವವೇ. ಅಂದರೆ ನಾನು ಇಷ್ಟು ದಿನ ನಂಬಿಕೊಂಡಿದ್ದ 'ಹೊರಗಿನ ಅಂಕಿ' ನಿಜಕ್ಕಿಂತ ಚೆನ್ನಾಗಿ ಕಾಣಿಸುತ್ತಿತ್ತು. ಬಯೋಫಿಲ್ಟರ್ ಇಟ್ಟುಕೊಂಡಿರುವ ಯಾರಿಗೇ ಆದರೂ ಇದನ್ನು ಒತ್ತಿ ಹೇಳುತ್ತೇನೆ. ಪಿಐಡಿಯನ್ನು ಏರಿಳಿತ ನೋಡುವುದಕ್ಕೆ ಬಳಸಿ, ಲೆಕ್ಕಕ್ಕೆ ಲ್ಯಾಬ್ ವರದಿಯನ್ನೇ ಹಿಡಿಯಿರಿ.

ಲ್ಯಾಬ್ ವರದಿ ಬಂದ ಮೇಲೆ ಚಿತ್ರ ಸ್ಪಷ್ಟವಾಯಿತು. ಪ್ರಿಂಟಿಂಗ್ ನಡೆಯುವ 9 ಗಂಟೆ ಒಳಬರುವ ಗಾಳಿಯಲ್ಲಿ ಘನ ಮೀಟರ್‌ಗೆ ಸುಮಾರು ಅರ್ಧ ಗ್ರಾಂ ಆವಿ. ಆದರೆ ಬೆಳಿಗ್ಗೆ ಶುರುವಿನಲ್ಲಿ ಒಂದು ಸಲ, ಸಂಜೆ 6ರ ಹೊತ್ತಿಗೆ ಇನ್ನೊಂದು ಸಲ, ತಲಾ 40 ನಿಮಿಷ, ಅದು 3 ಗ್ರಾಂಗೆ ಏರುತ್ತಿತ್ತು. ಆಗ ಮೆಷಿನ್ ನಿಂತಿರುತ್ತದೆ. ಹಾಗಾದರೆ ಆವಿ ಎಲ್ಲಿಂದ? ಒಳಗೆ ಹೋಗಿ ನೋಡಿದೆ. ಹುಡುಗರು ತೆರೆದ ಟ್ರೇಗೆ ಥಿನ್ನರ್ ಸುರಿದು, ಬಟ್ಟೆ ಅದ್ದಿ, ಮೆಷಿನ್‌ನ ಸಿಲಿಂಡರ್‌ಗಳನ್ನು (ಬಣ್ಣ ಅಚ್ಚೊತ್ತುವ ಉರುಳೆಗಳನ್ನು) ಒರೆಸುತ್ತಿದ್ದರು. ಅದ್ದಿದ ಬಟ್ಟೆಗಳು ಎಕ್ಸಾಸ್ಟ್ ಬಾಯಿಯ ಕೆಳಗೇ ಗುಡ್ಡೆ ಬಿದ್ದಿದ್ದವು.

ಲೆಕ್ಕ ಹಾಕಿ ನೋಡಿ. ಪ್ರಿಂಟಿಂಗ್‌ನ 9 ಗಂಟೆಯಲ್ಲಿ ಬೆಡ್‌ಗೆ ಹೋಗುವುದು ಸುಮಾರು 8 ಕೆಜಿ ದ್ರಾವಕ. ತೊಳೆಯುವ 80 ನಿಮಿಷದಲ್ಲಿ ಸುಮಾರು 7 ಕೆಜಿ! ದಿನದ ಊಟದ ಅರ್ಧ ಭಾಗ 80 ನಿಮಿಷದಲ್ಲಿ. ಆ ಹೊತ್ತಿನಲ್ಲಿ ಬೆಡ್‌ನ ಪ್ರತಿ ಘನ ಮೀಟರ್ ಮೇಲೆ ಗಂಟೆಗೆ 180 ಗ್ರಾಂ ಬೀಳುತ್ತದೆ. ಇಂಥ ಬೆಡ್‌ನಿಂದ ಅಷ್ಟನ್ನು ನಿರೀಕ್ಷಿಸುವುದೇ ತಪ್ಪು. ಆದರೆ ಅದೇ 15 ಕೆಜಿಯನ್ನು 24 ಗಂಟೆಗೆ ಹಂಚಿದರೆ ಬರೀ 21 ಗ್ರಾಂ. ಅದು ಸುಲಭವಾಗಿ ಅರಗುವ ಹೊರೆ. ಬೆಡ್ ಚಿಕ್ಕದಾಗಿರಲಿಲ್ಲ. ಊಟ ಬಡಿಸುವ ರೀತಿ ಸರಿ ಇರಲಿಲ್ಲ.

ಹಳ್ಳಿಯಲ್ಲಿ ಹಸು ಸಾಕಿದವರಿಗೆ ಇದು ಬೇಗ ಅರ್ಥವಾಗುತ್ತೆ. ಮದುವೆ ಮನೆಯಲ್ಲಿ ಮಿಕ್ಕ ಅನ್ನವನ್ನು ಒಂದೇ ಸಲ ತಿಂದ ಹಸು ಹೊಟ್ಟೆ ಉಬ್ಬರಿಸಿ ಮಲಗಿಬಿಡುತ್ತದೆ. ಅನ್ನ ವಿಷವೇನಲ್ಲ. ಅದರ ಹೊಟ್ಟೆಯಲ್ಲಿರುವ ಸೂಕ್ಷ್ಮಜೀವಿಗಳು ಹುಲ್ಲಿಗೆ ಹೊಂದಿಕೊಂಡಿರುತ್ತವೆ, ಒಮ್ಮೆಲೇ ಅಷ್ಟು ಪಿಷ್ಟ ಬಿದ್ದರೆ ಹುಳಿ ಏರುತ್ತದೆ. ನಮ್ಮ ಬೆಡ್‌ನಲ್ಲೂ ಹಾಗೇ ಆಗಿತ್ತು. ಈಥೈಲ್ ಅಸಿಟೇಟ್ ಒಡೆಯುವ ದಾರಿಯಲ್ಲಿ ಅಸಿಟಿಕ್ ಆಮ್ಲ ಬರುತ್ತದೆ. ಹೊರೆ ಕಡಿಮೆ ಇದ್ದಾಗ ಅದೂ ಕೂಡಲೇ ಕರಗಿಹೋಗುತ್ತದೆ. ಜಾಸ್ತಿ ಬಿದ್ದಾಗ ಉಳಿದುಕೊಂಡು ಬೆಡ್ ಹುಳಿಯಾಗುತ್ತದೆ. ಸುಲಭದ ಊಟ ಸಿಕ್ಕಾಗ ಕಷ್ಟದ ಟೊಲುವಿನ್ ಕಡೆ ಜೀವಿಗಳು ತಿರುಗುವುದೂ ಕಡಿಮೆ. ತೋಟದ ಕಡೆ ಹೋಗುತ್ತಿದ್ದ ವಾಸನೆಯಲ್ಲಿ ಜಾಸ್ತಿ ಇದ್ದದ್ದು ಟೊಲುವಿನ್ನೇ.

ಇನ್ನು ಸೋಮವಾರದ ವಿಷಯ. ಭಾನುವಾರ ರಜೆ. ಕರೆಂಟ್ ಉಳಿಸೋಣ ಅಂತ ಶನಿವಾರ ರಾತ್ರಿಯೇ ಫ್ಯಾನ್ ಆಫ್ ಮಾಡುತ್ತಿದ್ದರು. 36 ಗಂಟೆ ಊಟ ಇಲ್ಲ, ಗಾಳಿಯೂ ಇಲ್ಲ. ಒಂದೆರಡು ದಿನ ಊಟ ಇಲ್ಲದಿದ್ದರೆ ಇವು ಸಾಯುವುದಿಲ್ಲ, ಮಂಕಾಗುತ್ತವೆ. ಮತ್ತೆ ಚುರುಕಾಗಲು ಕೆಲವು ಗಂಟೆ ಬೇಕು. ಆದರೆ ಸೋಮವಾರ ಬೆಳಿಗ್ಗೆ ಫ್ಯಾನ್ ಹಾಕಿದ ಕೂಡಲೇ ಅವುಗಳ ಎದುರಿಗೆ ಬೀಳುತ್ತಿದ್ದದ್ದು ಸಿಲಿಂಡರ್ ತೊಳೆದ 3 ಗ್ರಾಂ.

ಇಷ್ಟೇ ಆಗಿದ್ದರೆ ಮಳೆಗಾಲದಲ್ಲೂ ವಾಸನೆ ಬರಬೇಕಿತ್ತು, ಅಲ್ವಾ? ಬಂದಿರಲಿಲ್ಲ. ಹಾಗಾಗಿ ಬೆಡ್ ಅಗೆದು ನೋಡಿದೆ.

ಮೇಲಿನ ಒಂದು ಗೇಣು ಕಪ್ಪಗೆ, ತೇವವಾಗಿತ್ತು. ಒಂದು ಹಿಡಿ ತೆಗೆದು ಹಿಂಡಿದರೆ ಬೆರಳ ಸಂದಿಯಿಂದ ನೀರು ಧಾರೆಯಾಗಿ ಇಳಿಯಿತು. ಅದು ಬೇಕಾದ್ದಕ್ಕಿಂತ ಜಾಸ್ತಿ. ಹಿಂಡಿದಾಗ ಒಂದೆರಡು ಹನಿ ಬಂದರೆ ಸರಿ. ತೂಕದಲ್ಲಿ ಅರ್ಧಕ್ಕಿಂತ ಸ್ವಲ್ಪ ಮೇಲೆ ನೀರು ಇದೆ ಅಂತ ಅರ್ಥ. ಮುಕ್ಕಾಲು ಮೀಟರ್ ಕೆಳಗೆ ಕೈ ಹಾಕಿದೆ. ಬೆಚ್ಚಗಿತ್ತು. ತೆಗೆದ ಹಿಡಿ ನಶ್ಯದ ಹಾಗೆ ಪುಡಿಪುಡಿ. ಊದಿದರೆ ಹಾರಿತು. ಅದನ್ನು ನೀರಿನಲ್ಲಿ ನೆನೆಸಿ, ಹುಳಿ ಅಳೆಯುವ ಪಿಎಚ್ ಕಾಗದ ಅದ್ದಿದರೆ 4 ಮತ್ತು 5ರ ನಡುವೆ, ಅಂದರೆ ಹುಳಿ. 7ರ ಆಸುಪಾಸು ಇರಬೇಕಾದ ಜಾಗ ಅದು. ಗೋಡೆಯ ಅಂಚಿನಲ್ಲಿ ಬೆಡ್ ಒಣಗಿ ಕುಗ್ಗಿ, ಎರಡು ಬೆರಳು ಹೋಗುವಷ್ಟು ಸಂದು ಬಿಟ್ಟಿತ್ತು. ತೆಳ್ಳನೆ ಪ್ಲಾಸ್ಟಿಕ್ ಚೂರು ಹಿಡಿದರೆ ಅಲ್ಲಿ ಪಟಪಟ ಹಾರಿತು, ಬೆಡ್ ನಡುವೆ ಅಲ್ಲಾಡಲಿಲ್ಲ. ಗಾಳಿ ಬೆಡ್ ಬಿಟ್ಟು ಗೋಡೆ ಬದಿಯಿಂದ ನುಸುಳಿ ಹೋಗುತ್ತಿತ್ತು. (ಇದನ್ನು ನೋಡಲು ಕೆಲವರು ಊದುಬತ್ತಿ ಹಚ್ಚುತ್ತಾರೆ. ಥಿನ್ನರ್ ಇರುವ ಜಾಗದಲ್ಲಿ ದಯವಿಟ್ಟು ಬೇಡ.)

ಕೆಳಗೆ ಯಾಕೆ ಒಣಗಿತು? ಇಲ್ಲಿದೆ ನನ್ನ ತಪ್ಪು. ಗಾಳಿ ಕೆಳಗಿನಿಂದ ಮೇಲೆ ಹೋಗುವಂತೆ ನಾನು ಕಟ್ಟಿಸಿದ್ದೆ. ನೀರಿನ ಸ್ಪ್ರೇ ಮೇಲಿಂದ. ಗಾಳಿ ಒಳಬರುವ ಬದಿಯೇ ಯಾವಾಗಲೂ ಮೊದಲು ಒಣಗುವುದು. ಅಲ್ಲಿಗೆ ಮೇಲಿನ ನೀರು ತಲುಪುವುದೇ ಇಲ್ಲ. ಅದರ ಮೇಲೆ, ಒಳಬರುವ ಗಾಳಿಯನ್ನು ತೇವ ಮಾಡಿದರೆ ಸಾಕು ಅಂದುಕೊಂಡಿದ್ದೆ. ಸಾಲುವುದಿಲ್ಲ. ಸೂಕ್ಷ್ಮಜೀವಿ ತಿನ್ನುವುದೂ ಒಂಥರಾ ನಿಧಾನ ಉರಿಯೇ. 1 ಕೆಜಿ ಟೊಲುವಿನ್ ಪೂರ್ತಿ ಉರಿದರೆ ಸುಮಾರು 40 ಮೆಗಾಜೌಲ್ ಶಾಖ ಬರುತ್ತದೆ. ಅದು 16 ಲೀಟರ್ ನೀರನ್ನು ಆವಿ ಮಾಡುವಷ್ಟು. ಟೊಲುವಿನ್ ಒಡೆದು ಹುಟ್ಟುವ ನೀರು ಒಂದು ಲೀಟರ್‌ಗೂ ಕಡಿಮೆ. ಅಂದರೆ ಗಾಳಿ ಎಷ್ಟೇ ತೇವವಾಗಿ ಬಂದರೂ ಬೆಡ್ ಒಳಗಿನಿಂದಲೇ ಬೆಚ್ಚಗಾಗಿ ಒಣಗುತ್ತದೆ. ಮಳೆಗಾಲದಲ್ಲಿ ತೆರೆದ ಬೆಡ್ ಮೇಲೆ ಮಳೆ ಬಿದ್ದು ಇದನ್ನು ಮುಚ್ಚಿಹಾಕಿತ್ತು. ತುಮಕೂರಿನ ಮಾರ್ಚ್ ಬಿಸಿಲು ಬಿಚ್ಚಿ ತೋರಿಸಿತು. ಸಾಲದ್ದಕ್ಕೆ ತೊಟ್ಟಿಯ ನಾಜಲ್‌ಗಳಲ್ಲಿ ಅರ್ಧಕ್ಕರ್ಧ ಬೋರ್‌ವೆಲ್ ನೀರಿನ ಬಿಳಿ ಗಟ್ಟಿ ಕಟ್ಟಿ ಮುಚ್ಚಿಹೋಗಿದ್ದವು. ತಿಂಗಳಿಗೊಮ್ಮೆ ವಿನೆಗರ್‌ನಲ್ಲಿ ನೆನೆಸಿದರೆ ಬಿಡುವಂಥದ್ದು. ಯಾರೂ ಹೇಳಿರಲಿಲ್ಲ, ಅವರು ಮಾಡಿರಲಿಲ್ಲ.

ಸರಿಪಡಿಸುವ ಕೆಲಸವನ್ನು ದುಡ್ಡು ಬೇಡದ ಕಡೆಯಿಂದ ಶುರು ಮಾಡಿದೆವು. ತೊಳೆಯುವ ಟ್ರೇಗೆ ತಗಡಿನ ಮುಚ್ಚಳ. ಒರೆಸಿದ ಬಟ್ಟೆಗೆ ಮುಚ್ಚಳದ ಡಬ್ಬಿ. ನಾಲ್ಕು ಸಿಲಿಂಡರ್ ಒಟ್ಟಿಗೆ ತೊಳೆಯುವ ಬದಲು ಒಂದಾದ ಮೇಲೆ ಒಂದು. ಮೆಷಿನ್ ನಡೆಸುವ ಅಣ್ಣನಿಗೆ ಮೊದಲು ಇಷ್ಟವಿರಲಿಲ್ಲ, "ಕೆಲಸ ತಡ ಆಗುತ್ತೆ ಸಾರ್" ಅಂದರು. ಎರಡು ವಾರ ಥಿನ್ನರ್ ಡಬ್ಬದ ಲೆಕ್ಕ ನೋಡಿದ ಮೇಲೆ ಅವರೇ ಹುಡುಗರಿಗೆ ಮುಚ್ಚಳ ಹಾಕಿಸತೊಡಗಿದರು. 3 ಗ್ರಾಂ ಇದ್ದ ಏರಿಕೆ ಇದೊಂದರಿಂದಲೇ 2ರ ಕೆಳಗೆ ಬಂತು.

ಆಮೇಲೆ ಬೆಡ್. ಗಾಳಿಯ ದಿಕ್ಕು ತಿರುಗಿಸಿದೆವು. ಈಗ ಗಾಳಿಯೂ ನೀರೂ ಮೇಲಿಂದಲೇ ಇಳಿಯುತ್ತವೆ. ಒಣಗುವ ಬದಿಗೇ ನೀರು ಬೀಳುತ್ತದೆ. ಅದಕ್ಕಾಗಿ ಬೆಡ್ ಮೇಲೆ ಶೀಟ್ ಮುಚ್ಚಿ, ಕೆಳಗಿನಿಂದ ಸಣ್ಣ ಚಿಮಣಿ ತೆಗೆಯಬೇಕಾಯಿತು. ಹಳೆಯ ಮಾಲನ್ನು ಹೊರತೆಗೆದು, ಹುಳಿಯಾದ ಭಾಗಕ್ಕೆ ಸುಣ್ಣಕಲ್ಲಿನ ಚೂರು ಬೆರೆಸಿ, ಮೂರನೇ ಒಂದು ಪಾಲು ಹೊಸ ಮಟ್ಟೆ ಚೂರು ಸೇರಿಸಿ ತುಂಬಿದೆವು. ಹಳೆಯದನ್ನು ಪೂರ್ತಿ ಎಸೆಯಬೇಡಿ. ಮೊಸರಿಗೆ ಹೆಪ್ಪು ಇದ್ದ ಹಾಗೆ ಅದು. ಟೊಲುವಿನ್ ತಿನ್ನಲು ಕಲಿತ ಜೀವಿಗಳು ಅದರಲ್ಲೇ ಇರುತ್ತವೆ. ಹೊಸದಾಗಿ ಶುರು ಮಾಡಿದರೆ ಅವು ನೆಲೆಯಾಗಲು ಎರಡರಿಂದ ನಾಲ್ಕು ವಾರ ಬೇಕು. ನಾರಿನ ಪುಡಿಯಲ್ಲಿ ಸಾರಜನಕ ತೀರಾ ಕಡಿಮೆ. ಅದಕ್ಕೆ ತೋಟಗಳಲ್ಲಿ ಡ್ರಿಪ್‌ಗೆ ಬಿಡುವ 19:19:19 ಗೊಬ್ಬರವನ್ನೇ ಕರಗಿಸಿ ವಾರಕ್ಕೆ 5 ಕೆಜಿಯಂತೆ ಸ್ಪ್ರೇ ನೀರಿನಲ್ಲಿ ಕೊಟ್ಟೆವು. ಜಾಸ್ತಿ ಕೊಟ್ಟರೆ ಲೋಳೆ ಬೆಳೆದು ಗಾಳಿಯ ದಾರಿ ಕಟ್ಟುತ್ತದೆ. ಸ್ಪ್ರೇ ಈಗ ದಿನಕ್ಕೆ ಸುಮಾರು 150 ಲೀಟರ್, ಒಂದೇ ಸಲಕ್ಕಲ್ಲ, ಆರು ಸಲ.

ಮೂರನೆಯದು ನನಗೆ ತುಂಬಾ ಇಷ್ಟವಾದ ಭಾಗ. ಬೆಡ್‌ಗೆ ಮೊದಲು ಒಂದು ಇದ್ದಿಲಿನ ಪದರ. ತೆಂಗಿನ ಚಿಪ್ಪಿನಿಂದ ಮಾಡಿದ ಆಕ್ಟಿವೇಟೆಡ್ ಕಾರ್ಬನ್, 150 ಕೆಜಿ, 18 ಸೆಂಟಿಮೀಟರ್ ದಪ್ಪ, ಅಂದರೆ ಒಂದು ಗೇಣಿಗೂ ಕಡಿಮೆ. ಸಾಮಾನ್ಯವಾಗಿ ಕಾರ್ಬನ್ ಹಾಕುವುದು ಆವಿಯನ್ನು ಹಿಡಿದಿಟ್ಟುಕೊಳ್ಳಲು. ತುಂಬಿದ ಮೇಲೆ ಬದಲಾಯಿಸಬೇಕು, ಅದೇ ದೊಡ್ಡ ಖರ್ಚು. ಇಲ್ಲಿ ಅದರ ಕೆಲಸ ಬೇರೆ. ಆವಿ ಜಾಸ್ತಿ ಬಂದಾಗ ಒಂದಿಷ್ಟನ್ನು ಹೀರಿಕೊಳ್ಳುತ್ತದೆ. ತೊಳೆಯುವುದು ಮುಗಿದು ಗಾಳಿ ತಿಳಿಯಾದಾಗ, ಹೀರಿದ್ದನ್ನು ಮೆಲ್ಲಗೆ ಬಿಟ್ಟುಕೊಡುತ್ತದೆ. ಸಂಜೆಯ ಥಿನ್ನರ್ ರಾತ್ರಿಯಿಡೀ ಸ್ವಲ್ಪ ಸ್ವಲ್ಪವಾಗಿ ಬೆಡ್‌ಗೆ ಹೋಗುತ್ತದೆ. ಶನಿವಾರದ್ದು ಭಾನುವಾರದ ಊಟವಾಗುತ್ತದೆ. ತುಂಬುವುದು, ಖಾಲಿಯಾಗುವುದು ಅದರಷ್ಟಕ್ಕೇ ನಡೆಯುತ್ತಿರುತ್ತದೆ. ಹಾಗಾಗಿ ಪದೇಪದೇ ಬದಲಾಯಿಸುವ ಪ್ರಶ್ನೆ ಇಲ್ಲ. ಇಂಕ್ ತುಂತುರು ಅಂಟಿ ಕೆಡದಂತೆ ಮುಂದೆ ಒಂದು ಬಟ್ಟೆ ಫಿಲ್ಟರ್ ಇದ್ದರೆ ಆಯಿತು.

ಇದರಲ್ಲೂ ಮೊದಲ ಸಲ ಎಡವಿದೆವು. ಜಾಗ ಇತ್ತು ಅಂತ ಕಾರ್ಬನ್ ಪೆಟ್ಟಿಗೆಯನ್ನು ತೇವ ಮಾಡುವ ತೊಟ್ಟಿಯ ನಂತರ ಕೂರಿಸಿದ್ದೆವು. ಒಂದು ವಾರ ಏನೂ ಬದಲಾಗಲಿಲ್ಲ. ತೆಗೆದು ನೋಡಿದರೆ ಕಾಳುಗಳೆಲ್ಲ ಒದ್ದೆ. ತೇವದ ಗಾಳಿಯಲ್ಲಿ ಕಾರ್ಬನ್‌ನ ಸೂಕ್ಷ್ಮ ರಂಧ್ರಗಳನ್ನು ನೀರೇ ತುಂಬಿಕೊಳ್ಳುತ್ತದೆ, ಆವಿಗೆ ಜಾಗ ಇರುವುದಿಲ್ಲ. ಒಣಗಿಸಿ, ತೊಟ್ಟಿಗಿಂತ ಮುಂಚೆ ಕೂರಿಸಿದೆವು. ಮರುದಿನವೇ ಏರಿಳಿತ ತಗ್ಗಿತು. ಒಂದು ಎಚ್ಚರಿಕೆಯನ್ನೂ ಇಲ್ಲೇ ಹೇಳಬೇಕು. ನಿಮ್ಮ ಥಿನ್ನರ್‌ನಲ್ಲಿ ಎಂಇಕೆ (ಮೀಥೈಲ್ ಈಥೈಲ್ ಕೀಟೋನ್), ಸೈಕ್ಲೋಹೆಕ್ಸನೋನ್‌ನಂಥ ಕೀಟೋನ್ ಜಾತಿಯ ದ್ರಾವಕ ಇದ್ದರೆ ಕಾರ್ಬನ್ ಒಳಗೆ ಬಿಸಿಯೇರಿ ಬೆಂಕಿ ಹೊತ್ತಿಕೊಂಡ ಉದಾಹರಣೆಗಳು ಕೈಗಾರಿಕೆಯಲ್ಲಿ ಇವೆ. ಡಬ್ಬದ ಮೇಲಿನ ಚೀಟಿ ಓದದೆ, ಸರಬರಾಜು ಮಾಡುವವರನ್ನು ಕೇಳದೆ ಸುಮ್ನೆ ಕಾರ್ಬನ್ ಹಾಕಬೇಡಿ. ನಮ್ಮಲ್ಲಿ ಕೀಟೋನ್ ಇಲ್ಲ ಅಂತ ಖಾತ್ರಿ ಮಾಡಿಕೊಂಡು, ಪೆಟ್ಟಿಗೆಗೆ ಒಂದು ಥರ್ಮಾಮೀಟರ್ ಹಾಕಿದ ಮೇಲೇ ಶುರು ಮಾಡಿದ್ದು.

ಫ್ಯಾನ್ ಈಗ ಯಾವತ್ತೂ ನಿಲ್ಲುವುದಿಲ್ಲ. ರಾತ್ರಿ ಮತ್ತು ಭಾನುವಾರ ಅರ್ಧ ವೇಗ. ಕರೆಂಟ್ ಬಿಲ್ ಬಗ್ಗೆ ಮಾಲೀಕರಿಗೆ ಚಿಂತೆ ಇತ್ತು. ಫ್ಯಾನ್ ವೇಗ ಅರ್ಧಕ್ಕಿಳಿದರೆ ಅದು ತಿನ್ನುವ ಕರೆಂಟ್ ಅರ್ಧಕ್ಕಿಂತ ತುಂಬಾ ಕೆಳಗಿಳಿಯುತ್ತದೆ, ಲೆಕ್ಕದಲ್ಲಿ ಎಂಟನೇ ಒಂದು ಪಾಲಿನ ಹತ್ತಿರಕ್ಕೆ. ವೇಗ ತಗ್ಗಿಸುವ ಡ್ರೈವ್ ಒಂದನ್ನು ಕೊಂಡರು.

ಹೊಸದಾಗಿ ತುಂಬಿದ ಮೇಲೆ ನಾಲ್ಕನೇ ದಿನಕ್ಕೆ ಈಥೈಲ್ ಅಸಿಟೇಟ್ ಹೊರಗಿನ ಟ್ಯೂಬ್‌ಗಳಲ್ಲಿ ಹೆಚ್ಚುಕಮ್ಮಿ ಕಾಣೆಯಾಯಿತು. ಟೊಲುವಿನ್ ಹಟ ಮಾಡಿತು. ಅದು ತಗ್ಗಲು ಎರಡೂವರೆ ವಾರ ಬೇಕಾಯಿತು. ನಡುವೆ ಹತ್ತನೇ ದಿನ ಮಾಲೀಕರು ತಾಳ್ಮೆ ಕಳೆದುಕೊಂಡು, "ಅಂಗಡೀಲಿ ಸಿಗೋ ಬ್ಯಾಕ್ಟೀರಿಯಾ ಪುಡಿ ಹಾಕೋಣ್ವಾ?" ಅಂತ ಕೇಳಿದ್ದರು. ಬೇಡ ಅಂದೆ. ತೇವ, ಪಿಎಚ್, ಹೊರೆ ಮೂರೂ ಸರಿ ಇದ್ದರೆ ಇರುವ ಜೀವಿಗಳೇ ಬೆಳೆಯುತ್ತವೆ. ಸರಿ ಇಲ್ಲದಿದ್ದರೆ ಹೊಸದಾಗಿ ಹಾಕಿದ್ದೂ ಸಾಯುತ್ತದೆ. ಮೂರನೇ ವಾರದ ಕೊನೆಗೆ ಸಂಜೆ 6ರಿಂದ 7ರ ಟ್ಯೂಬ್‌ಗೂ ಮಧ್ಯಾಹ್ನದ ಟ್ಯೂಬ್‌ಗೂ ದೊಡ್ಡ ವ್ಯತ್ಯಾಸ ಉಳಿದಿರಲಿಲ್ಲ.

ಆ ಸೋಮವಾರ ತೋಟಕ್ಕೆ ಹೋಗಿ ಅಜ್ಜಿಯನ್ನು ಕೇಳಿದೆ. "ಹೋದ ವಾರ ಒಂದಿನ ಸ್ವಲ್ಪ ಬಂದಂಗಿತ್ತು. ಇವತ್ತು ಇಲ್ಲ," ಅಂದರು. ಹೋದ ವಾರ ಯಾವ ದಿನ ಅಂತ ಕೇಳಿಕೊಂಡು ಬಂದು ಪುಸ್ತಕ ನೋಡಿದೆ. ಬುಧವಾರ. ಅವತ್ತು ಎರಡು ಗಂಟೆ ಕರೆಂಟ್ ಇರಲಿಲ್ಲ. ಬಂದ ಕೂಡಲೇ ತಡವಾದ ಕೆಲಸ ಮುಗಿಸಲು ನಾಲ್ಕು ಸಿಲಿಂಡರ್ ಒಟ್ಟಿಗೆ ತೊಳೆದಿದ್ದರು.

ಪುಸ್ತಕ ಅಂದೆನಲ್ಲ, ಅದನ್ನು ಮೆಷಿನ್ ಅಣ್ಣನೇ ಬರೆಯುತ್ತಾರೆ. ದಿನಕ್ಕೆ ಒಂದು ಸಾಲು: ಹಿಡಿ ಹಿಂಡಿದಾಗ ಎಷ್ಟು ಹನಿ, ಮೇಲೆ, ನಡುವೆ, ಕೆಳಗೆ. ಕಾರ್ಬನ್ ಪೆಟ್ಟಿಗೆಯ ಬಿಸಿ. ಎಷ್ಟು ಲೀಟರ್ ಥಿನ್ನರ್ ಖರ್ಚಾಯಿತು. ಹೊರಬರುವ ನೀರಿನ ಪಿಎಚ್. ಮೊನ್ನೆ ಹೋದಾಗ ಇನ್ನೊಂದು ಸಾಲು ಸೇರಿತ್ತು. ಬೆಡ್ ಎಂಟು ಸೆಂಟಿಮೀಟರ್ ಕುಸಿದಿದೆ, ಗೋಡೆ ಅಂಚು ಮೂರು ಕಡೆ ಬಿಟ್ಟಿದೆ, ತುಳಿದು ಕೂರಿಸಿದ್ದೇವೆ, ಎರಡು ಗಾಡಿ ಮಟ್ಟೆ ಚೂರು ಬೇಕು. ಬಿಸಿಲು ಶುರುವಾಗುವ ಮುಂಚೆ, ಶಿವರಾತ್ರಿಯ ಹೊತ್ತಿಗೆ, ತಿಪಟೂರಿನಿಂದ ತರಿಸುವುದು ಅಂತ ಮಾತಾಗಿದೆ.